ಡಾಲಿ ಪಾರ್ಟನ್: ನಮ್ಮ ಶನಿವಾರದ ಹಜಾರದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರಿನ ನಮ್ಮ ಮನೆ ಹಜಾರದಲ್ಲಿ ಶನಿವಾರ ಸಂಜೆ ಹತ್ತು ಹದಿನೈದು ಜನ ಸೇರಿ ಹಾಡು ಕೇಳುತ್ತೇವೆ. ಪಿಯುಸಿ ಓದುವ ಹುಡುಗಿಯರು, ಎದುರು ಮನೆ ಅಜ್ಜಿ, ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದು ನಿವೃತ್ತರಾದ ಒಬ್ಬರು, ಟೈಲರ್ ಅಂಗಡಿಯ ಅಕ್ಕ, ಅವರ ಮಗ. ಒಂದು ವಾರ ಭಾವಗೀತೆ, ಒಂದು ವಾರ ಹಳೇ ಸಿನಿಮಾ ಹಾಡು, ಒಂದು ವಾರ ದೂರದ ಯಾವುದೋ ಊರಿನದು. ಡಾಲಿ ಪಾರ್ಟನ್ ಅವರ ಹಾಡು ಹಾಕಿದ ದಿನದಿಂದ ಪ್ರಶ್ನೆಗಳು ನಿಂತಿಲ್ಲ. ಮನೆಗೆ ಹೋದ ಮೇಲೆ ವಾಟ್ಸಾಪಿನಲ್ಲೂ ಕೇಳುತ್ತಾರೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ.

ಡಾಲಿ ಅಂದ್ರೆ ನಮ್ಮ ಅರಸೀಕೆರೆ ಡಾಲಿನಾ?

ಮೊದಲ ದಿನ ಅರ್ಧ ಜನ ಹಾಗೇ ಅಂದುಕೊಂಡು ಬಂದಿದ್ದರು. ಪಕ್ಕದ ಹಾಸನ ಜಿಲ್ಲೆ ಅರಸೀಕೆರೆ ತಾಲ್ಲೂಕಿನ ಧನಂಜಯ ಅವರಿಗೆ ಆ ಹೆಸರು ಅಂಟಿಕೊಂಡಿದ್ದು 2018ರಲ್ಲಿ ಮಾಡಿದ ಒಂದು ಸಿನಿಮಾ ಪಾತ್ರದಿಂದ. ಈ ಡಾಲಿ ಅಮೆರಿಕದ ಟೆನೆಸಿ ರಾಜ್ಯದವರು. ಪೂರ್ತಿ ಹೆಸರು ಡಾಲಿ ರೆಬೆಕಾ ಪಾರ್ಟನ್, ಹುಟ್ಟಿದ್ದು 1946ರ ಜನವರಿ 19ರಂದು. ಹಾಡು ಬರೆದು, ರಾಗ ಕಟ್ಟಿ, ತಾವೇ ಹಾಡುತ್ತಾರೆ. ಸಿನಿಮಾದಲ್ಲೂ ನಟಿಸಿದ್ದಾರೆ. ಸುಮಾರು ಮೂರು ಸಾವಿರ ಹಾಡು ಬರೆದಿದ್ದೇನೆ ಎಂದು ಅವರೇ ಹೇಳಿಕೊಂಡಿದ್ದಾರೆ.

ಸ್ಕಾಟ್ಲೆಂಡಿನ ತದ್ರೂಪಿ ಕುರಿಗೂ ಇವರಿಗೂ ಸಂಬಂಧವಿದೆಯಾ?

ಇದೆ. 1996ರಲ್ಲಿ ಹುಟ್ಟಿದ ಆ ಕುರಿಗೆ ಡಾಲಿ ಎಂದು ಹೆಸರಿಟ್ಟದ್ದು ಇವರನ್ನು ನೆನೆದೇ.

ಕಂಟ್ರಿ ಮ್ಯೂಸಿಕ್ ಅಂದರೆ ದೇಶಭಕ್ತಿ ಗೀತೆಗಳಾ?

ಇಲ್ಲಿ ಕಂಟ್ರಿ ಅಂದರೆ ಹಳ್ಳಿಗಾಡು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಬ್ರಿಟನ್, ಐರ್ಲೆಂಡ್ ಕಡೆಯಿಂದ ವಲಸೆ ಬಂದವರ ಕಥನಗೀತೆ, ಚರ್ಚಿನ ಪ್ರಾರ್ಥನೆ, ಕಪ್ಪು ಜನರ ಬ್ಲೂಸ್ ಎಲ್ಲ ಬೆರೆತು ಬೆಳೆದ ಸಂಗೀತ. ಅದರಲ್ಲಿ ಕೇಳುವ ಬ್ಯಾಂಜೋ ವಾದ್ಯದ ಮೂಲವೇ ಆಫ್ರಿಕಾ. ಹೊಲ, ಗಣಿ, ರೈಲು, ಬಿಟ್ಟುಹೋದ ಗಂಡ, ಸತ್ತುಹೋದ ಮಗು, ದೇವರು ಇವೇ ಅದರ ವಸ್ತು. ಬೀಸುವ ಕಲ್ಲಿನ ಪದ ಕೇಳಿ ಬೆಳೆದವರಿಗೆ ಹೊಸದೇನೂ ಅನ್ನಿಸುವುದಿಲ್ಲ.

ನಿಜವಾಗಲೂ ಅಷ್ಟು ಬಡತನದಲ್ಲಿ ಬೆಳೆದರಾ, ಅಥವಾ ಹೆಸರು ಬಂದ ಮೇಲೆ ಕಟ್ಟಿದ ಕಥೆಯಾ?

ನಿಜ. ಸೆವಿಯರ್ ಕೌಂಟಿ ಅಂತ ಒಂದು ಬೆಟ್ಟದ ಸೀಮೆ. ಅದರ ಹಿಂದಿನ ಗುಡ್ಡಸಾಲಿಗೆ ಸ್ಮೋಕಿ ಮೌಂಟನ್ಸ್ ಎಂದು ಹೆಸರು. ಹೊಗೆಯ ಹಾಗೆ ಸದಾ ಮಂಜು ಕವಿದಿರುವುದರಿಂದ ಬಂದದ್ದು. ಜುಲೈ ತಿಂಗಳಲ್ಲಿ ನಮ್ಮ ಮನೆ ಮೇಲಿನಿಂದ ಮುಳ್ಳಯ್ಯನಗಿರಿ ಕಡೆ ನೋಡಿದರೆ ಗುಡ್ಡ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲವಲ್ಲ, ಆ ಥರ. ಅಲ್ಲಿ ಲಿಟಲ್ ಪಿಜನ್ ಎಂಬ ನದಿಯ ದಡದಲ್ಲಿ ಒಂದೇ ಕೋಣೆಯ ಮರದ ಮನೆಯಲ್ಲಿ ಡಾಲಿ ಹುಟ್ಟಿದರು. ಕರೆಂಟಿಲ್ಲ, ನಲ್ಲಿಯಿಲ್ಲ. ಹನ್ನೆರಡು ಮಕ್ಕಳಲ್ಲಿ ನಾಲ್ಕನೆಯವರು. ಅಪ್ಪ ರಾಬರ್ಟ್ ಲೀ ಪಾರ್ಟನ್ ತಂಬಾಕು ಬೆಳೆಯುತ್ತಿದ್ದರು, ಜೊತೆಗೆ ಸಿಕ್ಕ ಕೂಲಿ ಕೆಲಸವನ್ನೂ ಮಾಡುತ್ತಿದ್ದರು. ಹೆರಿಗೆ ಮಾಡಿಸಲು ಬಂದ ಡಾಕ್ಟರಿಗೆ ಕೊಡಲು ದುಡ್ಡಿರಲಿಲ್ಲ, ಒಂದು ಚೀಲ ಮೆಕ್ಕೆಜೋಳದ ಹಿಟ್ಟು ಕೊಟ್ಟು ಕಳಿಸಿದರು. ಈ ಡಾಕ್ಟರ್ ಮೇಲೂ ಡಾಲಿ ಒಂದು ಹಾಡು ಬರೆದಿದ್ದಾರೆ.

ಇದನ್ನು ಹೇಳಿದಾಗ ನಮ್ಮ ರೈಟರ್ ಸಾಹೇಬರು, "ನಮ್ಮ ಎಸ್ಟೇಟ್ ಕೂಲಿ ಲೈನಿನಲ್ಲಿ ಸೂಲಗಿತ್ತಿಗೆ ಐದು ಸೇರು ಅಕ್ಕಿ, ಒಂದು ಸೀರೆ ಕೊಡ್ತಿದ್ರು" ಅಂದರು. ಕೂತಿದ್ದ ಯಾರೂ ಆಮೇಲೆ ಬಡತನದ ಬಗ್ಗೆ ಅನುಮಾನದ ಪ್ರಶ್ನೆ ಕೇಳಲಿಲ್ಲ.

ಹಾಡು ಕಟ್ಟುವುದನ್ನು ಯಾರು ಕಲಿಸಿದರು?

ಶಾಲೆಯಲ್ಲಿ ಯಾರೂ ಕಲಿಸಲಿಲ್ಲ. ಸಂಗೀತದ ಸ್ವರಲಿಪಿ ಓದಲು ಅವರಿಗೆ ಇವತ್ತಿಗೂ ಬರುವುದಿಲ್ಲ. ಅಮ್ಮ ಏವಿ ಲೀ ಹಳೆಯ ಕಥನಗೀತೆಗಳನ್ನು ಹಾಡುತ್ತಿದ್ದರು. ಅಜ್ಜ ಚರ್ಚಿನಲ್ಲಿ ಉಪದೇಶ ಮಾಡುವ ಪಾದ್ರಿ, ಹಾಗಾಗಿ ಅಲ್ಲಿ ಕೈತಟ್ಟಿ ಹಾಡುವ ರೂಢಿಯಿತ್ತು. ಐದಾರು ವರ್ಷದವರಿದ್ದಾಗ ಮೆಕ್ಕೆಜೋಳದ ದಿಂಡಿನಲ್ಲಿ ಮಾಡಿದ ಒಂದು ಗೊಂಬೆ ಇತ್ತಂತೆ. ಅದರ ಮೇಲೆ ಬಾಯಲ್ಲೇ ಕಟ್ಟಿದ ಪದವನ್ನು ಅಮ್ಮ ಕೇಳಿ ಬರೆದಿಟ್ಟುಕೊಂಡರು. ಎಂಟನೇ ವಯಸ್ಸಿಗೆ ಸೋದರಮಾವ ಬಿಲ್ ಓವೆನ್ಸ್ ಒಂದು ಗಿಟಾರು ಕೊಡಿಸಿದರು. ಹತ್ತಕ್ಕೆ ನಾಕ್ಸ್‌ವಿಲ್ ಪಟ್ಟಣದ ರೇಡಿಯೋ, ಟಿವಿಯಲ್ಲಿ ಹಾಡುತ್ತಿದ್ದರು. ಹದಿಮೂರಕ್ಕೆ ಮೊದಲ ರೆಕಾರ್ಡು ಬಂತು, ಅದೇ ಸುಮಾರಿಗೆ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಓಪ್ರಿ ವೇದಿಕೆಯನ್ನೂ ಹತ್ತಿದರು. ಆ ವೇದಿಕೆ ಕಂಟ್ರಿ ಗಾಯಕರಿಗೆ ದೇವಸ್ಥಾನವಿದ್ದಂತೆ.

ಸೋದರಮಾವ ಅನ್ನುವ ಸಂಬಂಧ ಎಲ್ಲ ದೇಶದಲ್ಲೂ ಒಂದೇ ಥರ ಕೆಲಸ ಮಾಡುತ್ತದೆ ಅನ್ನಿಸುತ್ತದೆ ನನಗೆ.

ಆ ಕೋಟಿನ ಹಾಡು ಕೇಳಿ ಅಜ್ಜಿ ಯಾಕೆ ಅತ್ತರು?

ಹಾಡಿನ ಹೆಸರು 'ಕೋಟ್ ಆಫ್ ಮೆನಿ ಕಲರ್ಸ್', 1971ರದು. ಯಾರೋ ಕೊಟ್ಟ ಒಂದು ಡಬ್ಬಿ ಬಟ್ಟೆ ಚೂರುಗಳನ್ನು ಅಮ್ಮ ಒಂದೊಂದಾಗಿ ಜೋಡಿಸಿ ಮಗಳಿಗೆ ಕೋಟು ಹೊಲಿಯುತ್ತಾಳೆ. ಹೊಲಿಯುತ್ತಾ ಬೈಬಲ್ಲಿನ ಜೋಸೆಫನ ಕಥೆ ಹೇಳುತ್ತಾಳೆ. ಅವನಿಗೂ ಬಣ್ಣಬಣ್ಣದ ಅಂಗಿಯಿತ್ತಂತೆ. ಹುಡುಗಿ ಹೆಮ್ಮೆಯಿಂದ ಅದನ್ನು ಹಾಕಿಕೊಂಡು ಶಾಲೆಗೆ ಹೋದರೆ ಮಕ್ಕಳೆಲ್ಲ ಚಿಂದಿ ಬಟ್ಟೆ ಎಂದು ನಗುತ್ತಾರೆ. ಅವಳಿಗೆ ಅವರು ಯಾಕೆ ನಗುತ್ತಿದ್ದಾರೆಂಬುದೇ ಅರ್ಥವಾಗುವುದಿಲ್ಲ. ಅಮ್ಮ ಪ್ರತಿ ಹೊಲಿಗೆಯಲ್ಲೂ ಪ್ರೀತಿ ಇಟ್ಟಿದ್ದಾಳಲ್ಲ, ಇದು ಅವರಿಗೆ ಯಾಕೆ ಕಾಣುತ್ತಿಲ್ಲ ಎಂದು ಯೋಚಿಸುತ್ತಾಳೆ. ಇದು ಡಾಲಿಯ ಬಾಲ್ಯದಲ್ಲಿ ನಡೆದದ್ದೇ. 1969ರಲ್ಲಿ ಬಸ್ಸಿನಲ್ಲಿ ಪ್ರಯಾಣ ಮಾಡುವಾಗ ಸಾಲು ಹೊಳೆದು, ಬರೆಯಲು ಕಾಗದ ಸಿಗದೆ, ಬಟ್ಟೆ ಒಗೆಯಲು ಕೊಟ್ಟ ಡ್ರೈ ಕ್ಲೀನಿಂಗ್ ಅಂಗಡಿಯ ರಸೀದಿಯ ಮೇಲೆ ಬರೆದರು.

ಅಜ್ಜಿ ಕಡೂರು ಕಡೆಯವರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ನಾನು ಸಾಲು ಸಾಲು ನಿಲ್ಲಿಸಿ ಹೇಳಿದೆ. ಹಾಡು ಮುಗಿದ ಮೇಲೆ ಮನೆಗೆ ಹೋಗಿ ಒಂದು ಕೌದಿ ತಂದರು. ಅವರ ಅತ್ತೆ ಹೊಲಿದದ್ದು. ಮಧ್ಯದಲ್ಲಿ ಒಂದು ಅಂಗೈ ಅಗಲದ ಕೆಂಪು ತುಂಡು ತೋರಿಸಿ, "ಇದು ನನ್ನ ಧಾರೆ ಸೀರೆ ಸೆರಗು, ಇದು ನಮ್ಮ ಯಜಮಾನರ ಅಂಗಿ ಕೈ, ಇದು ಹೋಗ್ಬಿಟ್ಟ ಕೂಸಿಂದು" ಅಂದರು. ಟೈಲರ್ ಅಕ್ಕ ಬೆರಳಲ್ಲಿ ಆ ಹೊಲಿಗೆ ಮುಟ್ಟಿ ನೋಡಿದರು. ಒಂದೇ ಅಳತೆಯ ಸಣ್ಣ ಸಣ್ಣ ದಾರದ ಗೀಟು, ಅಂಚಿನಿಂದ ಅಂಚಿಗೆ. ಆ ದಿನ ಬೇರೆ ಹಾಡು ಹಾಕಲಿಲ್ಲ.

ಹೆಸರು ಬಂದದ್ದು ಹೇಗೆ?

1964ರಲ್ಲಿ ಹೈಸ್ಕೂಲು ಮುಗಿಸಿ ಮಾರನೇ ದಿನವೇ ನ್ಯಾಶ್‌ವಿಲ್‌ಗೆ ಬಸ್ಸು ಹತ್ತಿದರು. ಮೊದಮೊದಲು ಬೇರೆಯವರಿಗೆ ಹಾಡು ಬರೆದು ಕೊಡುತ್ತಿದ್ದರು. 1967ರಲ್ಲಿ ಪೋರ್ಟರ್ ವ್ಯಾಗನರ್ ಎಂಬ ದೊಡ್ಡ ಗಾಯಕರ ಟಿವಿ ಕಾರ್ಯಕ್ರಮಕ್ಕೆ ಸೇರಿದರು. ಅಲ್ಲಿ ಏಳು ವರ್ಷ. ಮನೆಮನೆಗೂ ಮುಖ ಪರಿಚಯವಾದದ್ದು ಅಲ್ಲೇ.

ಆದರೆ ಡಾಲಿಗೆ ತಮ್ಮದೇ ದಾರಿ ಬೇಕಿತ್ತು, ಪೋರ್ಟರ್ ಬಿಡಲು ತಯಾರಿರಲಿಲ್ಲ. ವಾದ ಮಾಡಿ ಸಾಕಾಗಿ ಒಂದು ರಾತ್ರಿ ಕೂತು ಹಾಡು ಬರೆದು, ಬೆಳಿಗ್ಗೆ ಅವರ ಎದುರೇ ಹಾಡಿದರು. ನಾನು ಹೊರಡುತ್ತೇನೆ, ನಿನ್ನ ಮೇಲಿನ ಪ್ರೀತಿ ಹೋಗುವುದಿಲ್ಲ ಎಂಬ ಹಾಡು. ಪೋರ್ಟರ್ ಅತ್ತರು, ಹೋಗು ಅಂದರು, ಆದರೆ ಆ ಹಾಡಿನ ರೆಕಾರ್ಡಿಂಗ್ ನಾನೇ ಮಾಡಿಸುತ್ತೇನೆ ಅಂದರು. ಅದೇ 'ಐ ವಿಲ್ ಆಲ್ವೇಸ್ ಲವ್ ಯೂ', 1974. ಆಮೇಲೆ ಪೋರ್ಟರ್ ಮೂವತ್ತು ಲಕ್ಷ ಡಾಲರಿಗೆ ಕೇಸು ಹಾಕಿದ್ದೂ ಉಂಟು, ಅದು ಕೋರ್ಟಿನ ಹೊರಗೆ ಇತ್ಯರ್ಥವಾಯಿತು. ಮುಂದೆ ಇಬ್ಬರೂ ಮತ್ತೆ ಒಂದಾದರು. 2007ರಲ್ಲಿ ಪೋರ್ಟರ್ ತೀರಿಕೊಳ್ಳುವ ಹೊತ್ತಿಗೆ ಡಾಲಿ ಅವರನ್ನು ಹೋಗಿ ನೋಡಿ ಬಂದಿದ್ದರು. ಕೆಲಸ ಕೊಟ್ಟ ಗುರುವನ್ನು ಬಿಟ್ಟು ಹೊರಡುವುದು ಎಷ್ಟು ಕಷ್ಟವೆಂದು ಕಂಪನಿ ನಾಟಕದವರನ್ನು ಬಲ್ಲ ಯಾರಿಗಾದರೂ ಗೊತ್ತಿರುತ್ತದೆ.

ಜೋಲೀನ್ ಯಾರು? ನಿಜವಾದ ಹೆಂಗಸಾ?

ಹೆಸರು ಒಬ್ಬರದು, ಕಥೆ ಇನ್ನೊಬ್ಬರದು. ವೇದಿಕೆ ಹತ್ತಿರ ಹಸ್ತಾಕ್ಷರ ಕೇಳಲು ಬಂದ ಕೆಂಪು ಕೂದಲಿನ ಪುಟ್ಟ ಹುಡುಗಿಯ ಹೆಸರು ಜೋಲೀನ್. ಕಥೆ ಬಂದದ್ದು, ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಸಲಿಗೆಯಿಂದ ಮಾತಾಡುತ್ತಿದ್ದ ಬ್ಯಾಂಕಿನ ಒಬ್ಬ ಉದ್ಯೋಗಿಯಿಂದ. 1973ರಲ್ಲಿ ರೆಕಾರ್ಡು ಬಿಡುಗಡೆಯಾಯಿತು, 1974ರ ಶುರುವಿನಲ್ಲಿ ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯ ಮೊದಲ ಸ್ಥಾನಕ್ಕೇರಿತು.

ನಮ್ಮ ಹುಡುಗಿಯರು ಇದನ್ನು ಅತಿ ಹೆಚ್ಚು ಸಲ ಕೇಳಿದ್ದಾರೆ. ಒಬ್ಬಳು ಸಿಟ್ಟಾಗಿ, "ಆ ಹೆಂಗಸಿನ ಹತ್ತಿರ ಯಾಕೆ ಬೇಡಿಕೋಬೇಕು, ಗಂಡನಿಗೆ ಬೈಬೇಕಿತ್ತು" ಅಂದಳು. ಅವಳ ಮಾತು ಸರಿಯೇ. ಆದರೆ ಹಾಡಿನ ಬಲ ಬೇರೆ ಕಡೆ ಇದೆ. ಸವತಿಯ ಮೇಲಿನ ನಮ್ಮ ಪದಗಳಲ್ಲಿ ಶಾಪ ಇರುತ್ತದೆ, ಹಂಗಿಸುವ ಮಾತು ಇರುತ್ತದೆ. ಇಲ್ಲಿ ಹಾಡುವವಳು ಎದುರಾಳಿಯ ಕೂದಲು, ಕಣ್ಣು, ದನಿಯನ್ನು ಮನಸಾರೆ ಹೊಗಳುತ್ತಾಳೆ. ಹೊಗಳಿದಷ್ಟೂ ಅವಳ ಭಯ ನಮಗೆ ಕಾಣುತ್ತಾ ಹೋಗುತ್ತದೆ. ಹೆಸರನ್ನು ನಾಲ್ಕು ಸಲ ಕರೆಯುತ್ತಾರೆ, ಪ್ರತಿ ಸಲ ಸ್ವರ ಬೇರೆ. ಕೆಳಗೆ ಗಿಟಾರಿನ ತಂತಿಗಳು ಒಂದೇ ಸಮನೆ ಓಡುತ್ತಿರುತ್ತವೆ, ಎದೆ ಬಡಿತ ಹಾಗೆ. ಒಮ್ಮೆ ಕಣ್ಣು ಮುಚ್ಚಿ ಗಿಟಾರನ್ನು ಮಾತ್ರ ಕೇಳಿ.

'ಐ ವಿಲ್ ಆಲ್ವೇಸ್ ಲವ್ ಯೂ' ವಿಟ್ನಿ ಹ್ಯೂಸ್ಟನ್ ಹಾಡಲ್ಲವೇ?

ಈ ಪ್ರಶ್ನೆಗೆ ಉತ್ತರ ಹೇಳುವಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ, ಆದ್ದರಿಂದ ಸ್ವಲ್ಪ ಉದ್ದ ಹೇಳುತ್ತೇನೆ.

ಬರೆದದ್ದು ಡಾಲಿ, ಮೊದಲು ಹಾಡಿದ್ದೂ ಡಾಲಿ. ಹಾಡು ಗೆದ್ದ ಮೇಲೆ ಎಲ್ವಿಸ್ ಪ್ರೀಸ್ಲಿ ಹಾಡಲು ಬಯಸಿದರು. ಆ ಕಾಲಕ್ಕೆ ಅವರಿಗಿಂತ ದೊಡ್ಡ ಹೆಸರಿರಲಿಲ್ಲ. ಡಾಲಿ ಸಂಭ್ರಮದಿಂದ ಎಲ್ಲರಿಗೂ ಹೇಳಿಕೊಂಡು ಓಡಾಡಿದರು. ರೆಕಾರ್ಡಿಂಗ್ ಹಿಂದಿನ ದಿನ ಎಲ್ವಿಸ್ ಅವರ ಮ್ಯಾನೇಜರ್ ಕರ್ನಲ್ ಟಾಮ್ ಪಾರ್ಕರ್ ಅವರಿಂದ ಫೋನು. ಎಲ್ವಿಸ್ ಹಾಡಬೇಕಾದರೆ ಹಾಡಿನ ಪ್ರಕಾಶನ ಹಕ್ಕಿನಲ್ಲಿ, ಅಂದರೆ ಹಾಡಿನ ಗಳಿಕೆ ಪಡೆಯುವ ಹಕ್ಕಿನಲ್ಲಿ, ಅರ್ಧ ಬರೆದುಕೊಡಬೇಕು, ಅದು ನಮ್ಮ ಪದ್ಧತಿ ಎಂದರು. ಡಾಲಿ ಆಗುವುದಿಲ್ಲ ಅಂದರು. ಹಾಡು ಆಗಲೇ ತಮ್ಮ ಪ್ರಕಾಶನದ ಅಡಿ ಬಂದು ಗೆದ್ದಿದೆ, ಇದು ನನ್ನ ಮನೆಯವರಿಗೆ ನಾನು ಬಿಟ್ಟುಹೋಗುವ ಆಸ್ತಿ ಎಂಬುದು ಅವರ ನಿಲುವು. ಫೋನಿಟ್ಟು ರಾತ್ರಿಯೆಲ್ಲ ಅತ್ತರಂತೆ. ಜನ ಹುಚ್ಚಿ ಅಂದರು.

ಸುಮಾರು ಹದಿನೆಂಟು ವರ್ಷವಾಯಿತು. 1992ರಲ್ಲಿ 'ದಿ ಬಾಡಿಗಾರ್ಡ್' ಸಿನಿಮಾಗೆ ವಿಟ್ನಿ ಹ್ಯೂಸ್ಟನ್ ಅದನ್ನು ಹಾಡಿದರು. ಅಮೆರಿಕದ ಪಟ್ಟಿಯಲ್ಲಿ ಹದಿನಾಲ್ಕು ವಾರ ಮೊದಲ ಸ್ಥಾನ. ಡಾಲಿ ಕಾರು ಓಡಿಸುತ್ತಿದ್ದಾಗ ರೇಡಿಯೋದಲ್ಲಿ ಅದು ಮೊದಲ ಸಲ ಕೇಳಿ, ಗಾಡಿ ಎಲ್ಲಿ ಗುದ್ದಿಬಿಡುತ್ತೇನೋ ಎಂದು ಪಕ್ಕಕ್ಕೆ ನಿಲ್ಲಿಸಿದರಂತೆ. ಆ ಹಾಡಿನಿಂದ ಬಂದ ರಾಯಲ್ಟಿ ಪೂರ್ತಿ ಹಾಡು ಬರೆದವರಿಗೆ ಸೇರಬೇಕಾದ ಹಾಗೆ ಸೇರಿತು. ಆ ದುಡ್ಡಿನಲ್ಲಿ ನ್ಯಾಶ್‌ವಿಲ್‌ನಲ್ಲಿ ಕಪ್ಪು ಜನ ಹೆಚ್ಚಾಗಿ ವಾಸವಿದ್ದ ಬಡಾವಣೆಯಲ್ಲಿ ಕಟ್ಟಡ ಕೊಂಡರು. ವಿಟ್ನಿ ಅವರಿಂದ ಬಂದ ದುಡ್ಡಿಗೆ ಆ ಜಾಗವೇ ಸರಿ ಅನ್ನಿಸಿತು ಎಂದು ಹೇಳಿದ್ದಾರೆ.

ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ವಿಟ್ನಿಯದು ಜಲಪಾತ. ಡಾಲಿಯದು ಬಾಗಿಲಲ್ಲಿ ನಿಂತು ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದ ಮಾತು.

ಹಕ್ಕು ಉಳಿಸಿಕೊಳ್ಳುವುದು ಅಷ್ಟು ದೊಡ್ಡ ವಿಷಯವಾ? ನಮ್ಮೂರಲ್ಲಿ ಹಾಡು ಬರೆಯುವವರಿಗೆ ಇದರಿಂದ ಏನು?

ನನ್ನ ದೊಡ್ಡಮ್ಮ ಮೂಡಿಗೆರೆ ಕಡೆಯವರು, ಸೋಬಾನೆ ಹೇಳುವುದರಲ್ಲಿ ಎತ್ತಿದ ಕೈ. ಹಳೆಯ ಪದಗಳ ಜೊತೆಗೆ ತಾವೇ ಕಟ್ಟಿದ ಪದಗಳೂ ಇದ್ದವು. ಕ್ಯಾಸೆಟ್ ಕಾಲದಲ್ಲಿ ಒಂದು ಕಂಪನಿಯವರು ಬಂದು ಎರಡು ದಿನ ಹಾಡಿಸಿಕೊಂಡರು. ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಇನ್ನೂರು ರೂಪಾಯಿ, ಒಂದು ಸೀರೆ ಕೊಟ್ಟರು. ಕ್ಯಾಸೆಟ್ ಬಂದಾಗ ಅದರ ಮೇಲೆ ದೊಡ್ಡಮ್ಮನ ಹೆಸರೇ ಇರಲಿಲ್ಲ. ಮದುವೆ ಮನೆಗಳಲ್ಲಿ ಅವರದೇ ದನಿ ಸ್ಪೀಕರಿನಲ್ಲಿ ಬರುತ್ತಿತ್ತು, ಅವರು ಅಡಿಗೆ ಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಾ ಕೇಳುತ್ತಿದ್ದರು. ಎಲ್ವಿಸ್ ಕಥೆ ನನಗೆ ಬರಿಯ ಕಥೆಯಾಗಿ ಉಳಿಯದೇ ಇರುವುದು ಈ ಕಾರಣಕ್ಕೆ.

ನಮ್ಮ ದೇಶದ ಕಾಯ್ದೆ ಈಗ ಸಾಕಷ್ಟು ಬಲವಾಗಿದೆ. ಬರೆದವರ ಜೀವಿತಾವಧಿ ಮತ್ತು ಅವರು ತೀರಿಕೊಂಡ ಮೇಲೆ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. 2012ರಲ್ಲಿ ತಿದ್ದುಪಡಿಯಾದ ಮೇಲೆ ಸಾಹಿತ್ಯ ಬರೆದವರು, ರಾಗ ಹಾಕಿದವರು ತಮ್ಮ ರಾಯಲ್ಟಿ ಪಾಲನ್ನು ನಿರ್ಮಾಪಕರಿಗೆ ಬರೆದುಕೊಟ್ಟುಬಿಡುವಂತೆಯೇ ಇಲ್ಲ. ಹಕ್ಕು ಬಿಟ್ಟುಕೊಡುವ ಯಾವುದೇ ಒಪ್ಪಂದ ಬರವಣಿಗೆಯಲ್ಲಿ, ಸಹಿಯೊಂದಿಗೆ ಇರಬೇಕು. ಯಾವ ಹಾಡು, ಯಾವ ಹಕ್ಕು, ಎಷ್ಟು ವರ್ಷ, ಯಾವ ಪ್ರದೇಶಕ್ಕೆ ಎಂಬುದು ಅದರಲ್ಲಿ ಸ್ಪಷ್ಟವಿರಬೇಕು. ವರ್ಷ ನಮೂದಿಸದಿದ್ದರೆ ಐದು ವರ್ಷ ಎಂದೇ ಲೆಕ್ಕ. ಟೈಲರ್ ಅಕ್ಕನ ಮಗ ಯೂಟ್ಯೂಬಿಗೆ ರ‍್ಯಾಪ್ ಬರೆಯುತ್ತಾನೆ, ಅವನಿಗೆ ಇದನ್ನು ಮೂರು ಸಲ ಹೇಳಿದ್ದೇನೆ. ಸಹಿ ಹಾಕುವ ಮುಂಚೆ ಕಾಗದ ಮನೆಗೆ ತಂದು ಓದು, ಒಂದು ಪ್ರತಿ ಇಟ್ಟುಕೋ.

ನಟಿಯಾಗಿ ಹೇಗೆ?

ಮೊದಲ ಸಿನಿಮಾ 'ನೈನ್ ಟು ಫೈವ್', 1980ರದು. ಜೇನ್ ಫೋಂಡಾ, ಲಿಲಿ ಟಾಮ್ಲಿನ್ ಜೊತೆ. ಕೆಟ್ಟ ಮೇಲಧಿಕಾರಿಯ ಕೈಕೆಳಗೆ ದುಡಿಯುವ ಮೂವರು ಆಫೀಸು ಹೆಂಗಸರು ಅವನಿಗೆ ಬುದ್ಧಿ ಕಲಿಸುವ ಕಥೆ. ಶೀರ್ಷಿಕೆ ಗೀತೆ ನಾನೇ ಬರೆಯುವುದಾದರೆ ಮಾತ್ರ ನಟಿಸುತ್ತೇನೆ ಎಂಬುದು ಡಾಲಿಯ ಷರತ್ತು. ಸಿನಿಮಾ ಹೇಗೆ ತೆಗೆಯುತ್ತಾರೆಂದು ಗೊತ್ತಿಲ್ಲದೆ ತಮ್ಮ ಪಾತ್ರದ ಜೊತೆ ಎಲ್ಲರ ಮಾತನ್ನೂ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ನಮ್ಮ ಹಳ್ಳಿ ನಾಟಕದಲ್ಲಿ ಎಲ್ಲರ ಪಾರ್ಟೂ ಬರುವ ಒಬ್ಬರು ಇರುತ್ತಾರಲ್ಲ, ಹಾಗೆ.

ಆ ಹಾಡಿನ ತಾಳ ಹುಟ್ಟಿದ್ದು ಉಗುರಿನಲ್ಲಿ. ಅವರ ಉದ್ದನೆಯ ಅಂಟಿಸಿದ ಉಗುರುಗಳನ್ನು ಒಂದಕ್ಕೊಂದು ಉಜ್ಜಿದರೆ ಟೈಪ್‌ರೈಟರ್ ಸದ್ದು ಬರುತ್ತಿತ್ತು. ಶೂಟಿಂಗ್ ಬಿಡುವಿನಲ್ಲಿ ಅದನ್ನೇ ತಾಳ ಮಾಡಿಕೊಂಡು ಹಾಡು ಕಟ್ಟಿದರು, ರೆಕಾರ್ಡಿಂಗಿನಲ್ಲೂ ಆ ಸದ್ದನ್ನು ಸೇರಿಸಿದರು. ನಾನು ಹುಡುಗಿಯಾಗಿದ್ದಾಗ ಇದೇ ಊರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಜೂನಿಯರ್ ಪರೀಕ್ಷೆಗೆ ಕಲಿತವಳು. ಎಂಟು ಮಿಷನ್ನು ಒಟ್ಟಿಗೆ ಬಡಿಯುವ ಸದ್ದು, ಸಾಲಿನ ಕೊನೆಗೆ ಟಿಣ್ ಎನ್ನುವ ಗಂಟೆ, ಮತ್ತೆ ಸರ್ರನೆ ತಳ್ಳುವ ಕ್ಯಾರೇಜು. ಈ ಹಾಡಿನ ಶುರುವನ್ನು ಮೊದಲ ಸಲ ಕೇಳಿದಾಗ ಬೆರಳು ತಾನಾಗಿ ಮಡಚಿಕೊಂಡವು.

1981ರಲ್ಲಿ ಅದು ಪಾಪ್ ಪಟ್ಟಿಯಲ್ಲೂ ಕಂಟ್ರಿ ಪಟ್ಟಿಯಲ್ಲೂ ಮೊದಲ ಸ್ಥಾನಕ್ಕೆ ಹೋಯಿತು, ಆಸ್ಕರಿಗೂ ನಾಮನಿರ್ದೇಶನವಾಯಿತು. ಎರಡನೇ ಆಸ್ಕರ್ ನಾಮನಿರ್ದೇಶನ 2006ರಲ್ಲಿ 'ಟ್ರಾವೆಲಿನ್ ಥ್ರೂ' ಹಾಡಿಗೆ. ಮಿಕ್ಕ ಸಿನಿಮಾಗಳಲ್ಲಿ 1989ರ 'ಸ್ಟೀಲ್ ಮ್ಯಾಗ್ನೋಲಿಯಾಸ್' ನೋಡಿ, ಬ್ಯೂಟಿ ಪಾರ್ಲರ್ ನಡೆಸುವ ಹೆಂಗಸಿನ ಪಾತ್ರ. 1984ರ 'ರೈನ್‌ಸ್ಟೋನ್' ಬಿಡಬಹುದು.

ಅಷ್ಟೊಂದು ಮೇಕಪ್ಪು, ವಿಗ್ಗು ಯಾಕೆ?

ಚಿಕ್ಕವರಿದ್ದಾಗ ಊರಿನಲ್ಲಿ ತುಟಿಗೆ ಕೆಂಪು, ತಲೆಗೆ ಹಳದಿ ಬಣ್ಣ ಹಚ್ಚಿಕೊಂಡು ಓಡಾಡುವ ಒಬ್ಬ ಹೆಂಗಸಿದ್ದರಂತೆ. ಊರವರು ಅವಳನ್ನು ಕೆಟ್ಟ ಮಾತಾಡುತ್ತಿದ್ದರು, ಈ ಹುಡುಗಿಗೆ ಮಾತ್ರ ಅವಳಷ್ಟು ಚೆಂದ ಯಾರೂ ಕಂಡಿರಲಿಲ್ಲ. ಅದನ್ನೇ ತಮ್ಮ ವೇಷ ಮಾಡಿಕೊಂಡರು. ಅದನ್ನು ನೋಡಿ ದಡ್ಡಿ ಎಂದು ತಿಳಿದು ವ್ಯಾಪಾರಕ್ಕೆ ಬಂದವರು ಏಮಾರಿದ್ದಾರೆ.

ಗಂಡ, ಮಕ್ಕಳು?

ನ್ಯಾಶ್‌ವಿಲ್‌ಗೆ ಬಂದಿಳಿದ ದಿನವೇ ಬಟ್ಟೆ ಒಗೆಯುವ ಅಂಗಡಿಯ ಹೊರಗೆ ಕಾರ್ಲ್ ಡೀನ್ ಪರಿಚಯವಾದರು. 1966ರ ಮೇ 30ರಂದು ಮದುವೆ. ಕಾರ್ಲ್ ರಸ್ತೆಗೆ ಡಾಂಬರು ಹಾಕುವ ವ್ಯವಹಾರ ನಡೆಸುತ್ತಿದ್ದರು, ಕ್ಯಾಮೆರಾ ಮುಂದೆ ಬರುತ್ತಲೇ ಇರಲಿಲ್ಲ. 2025ರ ಮಾರ್ಚ್ 3ರಂದು ತೀರಿಕೊಂಡರು. ಸುಮಾರು 59 ವರ್ಷದ ಸಂಸಾರ. ಮಕ್ಕಳಾಗಲಿಲ್ಲ. ಗಾಯಕಿ ಮೈಲಿ ಸೈರಸ್‌ಗೆ ಡಾಲಿ ಧರ್ಮಮಾತೆ, ಅಂದರೆ ಗಾಡ್‌ಮದರ್. ನಮ್ಮಲ್ಲಿ ಮಕ್ಕಳಿಲ್ಲದ ಹೆಂಗಸನ್ನು ತೊಟ್ಟಿಲು ಶಾಸ್ತ್ರಕ್ಕೆ ಕರೆಯಲು ಹಿಂದೆ ಮುಂದೆ ನೋಡುತ್ತಾರೆ. ನನಗೆ ಅದು ಸಂಕಟದ ವಿಷಯ. ಮುಂದಿನ ಉತ್ತರ ಓದಿ.

ಪುಸ್ತಕದ ವಿಷಯ ಹೇಳುತ್ತಿದ್ದಿರಲ್ಲ, ಏನದು?

ಡಾಲಿಯ ಅಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ. ಲೆಕ್ಕದಲ್ಲಿ, ವ್ಯವಹಾರದಲ್ಲಿ ಚುರುಕು, ಆದರೆ ಅಕ್ಷರ ಗೊತ್ತಿಲ್ಲವೆಂದು ಜೀವನಪೂರ್ತಿ ನಾಚಿಕೆಪಟ್ಟರು. ಅವರ ಸಲುವಾಗಿ 1995ರಲ್ಲಿ ಡಾಲಿ ತಮ್ಮ ಊರಿನ ಸೆವಿಯರ್ ಕೌಂಟಿಯಲ್ಲಿ ಇಮ್ಯಾಜಿನೇಶನ್ ಲೈಬ್ರರಿ ಶುರು ಮಾಡಿದರು. ಮಗು ಹುಟ್ಟಿದಾಗಿನಿಂದ ಐದು ವರ್ಷ ತುಂಬುವವರೆಗೆ ತಿಂಗಳಿಗೊಂದು ಪುಸ್ತಕ ಅಂಚೆಯಲ್ಲಿ ಬರುತ್ತದೆ, ಉಚಿತವಾಗಿ. ಬಡವರಿಗೆ ಮಾತ್ರ ಎಂಬ ನಿಯಮವಿಲ್ಲ, ಹಾಗಾಗಿ ಪುಸ್ತಕ ಪಡೆಯುವುದು ಯಾರಿಗೂ ಅವಮಾನವಲ್ಲ. ಕೋಟಿನ ಹಾಡು ಬರೆದವರಿಗೇ ಹೊಳೆಯುವ ಸೂಕ್ಷ್ಮ ಇದು ಅನ್ನಿಸುತ್ತದೆ.

ಈಗ ಅಮೆರಿಕ ಅಲ್ಲದೆ ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ, ಐರ್ಲೆಂಡಿನಲ್ಲೂ ನಡೆಯುತ್ತದೆ. 2018ರಲ್ಲಿ ಹತ್ತು ಕೋಟಿಯನೇ ಪುಸ್ತಕವನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಟ್ಟರು, 2023ರ ಹೊತ್ತಿಗೆ ಇಪ್ಪತ್ತು ಕೋಟಿ ದಾಟಿತು. ಮಕ್ಕಳು ಡಾಲಿಯನ್ನು ಪುಸ್ತಕದಮ್ಮ ಎಂದು ಕರೆಯುತ್ತಾರೆ. ಮಗಳು ದೊಡ್ಡ ಸ್ಟಾರ್ ಆದದ್ದಕ್ಕಿಂತ ಈ ಹೆಸರು ಅಪ್ಪನಿಗೆ ಹೆಚ್ಚು ಸಂತೋಷ ಕೊಟ್ಟಿತಂತೆ. 2000ದಲ್ಲಿ ಅವರು ತೀರಿಕೊಂಡರು.

ಅಪ್ಪನದೇ ಇನ್ನೊಂದು ಸಂಗತಿ. ಸೆವಿಯರ್‌ವಿಲ್ ಕೋರ್ಟಿನ ಮುಂದೆ 1987ರಲ್ಲಿ ಡಾಲಿಯ ಪ್ರತಿಮೆ ನಿಲ್ಲಿಸಿದರು, ಬರಿಗಾಲಲ್ಲಿ ಗಿಟಾರು ಹಿಡಿದು ಕೂತದ್ದು. ರಾತ್ರಿ ಅಪ್ಪ ಟ್ರಕ್ಕಿನಲ್ಲಿ ಒಂದು ಬಕೆಟ್ ಸೋಪಿನ ನೀರು, ಪೊರಕೆ ಇಟ್ಟುಕೊಂಡು ಹೋಗಿ ಪಾರಿವಾಳದ ಹಿಕ್ಕೆ ಉಜ್ಜಿ ತೊಳೆದು ಬರುತ್ತಿದ್ದರಂತೆ. ಡಾಲಿಗೆ ಇದು ಆಮೇಲೆ ಗೊತ್ತಾಯಿತು.

ನಮ್ಮ ಶನಿವಾರದವರು ಈಗ ಒಂದು ಕೆಲಸ ಶುರು ಮಾಡಿದ್ದೇವೆ. ಹತ್ತಿರದ ಎಸ್ಟೇಟ್ ಲೈನಿನ ಆರು ಮಕ್ಕಳಿಗೆ ತಿಂಗಳಿಗೊಂದು ಕನ್ನಡ ಪುಸ್ತಕ. ಕೈಯಲ್ಲಿ ಕೊಡುವುದಿಲ್ಲ, ಅವರ ಹೆಸರಿಗೇ ಅಂಚೆಗೆ ಹಾಕುತ್ತೇವೆ. ಮೊದಲ ತಿಂಗಳು ಪೋಸ್ಟ್‌ಮ್ಯಾನ್ ಕಾಫಿ ಕಣದ ಹತ್ತಿರ ಸೈಕಲ್ ನಿಲ್ಲಿಸಿ ನಾಲ್ಕು ವರ್ಷದ ಹುಡುಗಿಯ ಹೆಸರು ಕೂಗಿದಾಗ, ಅವಳು ಅಮ್ಮನ ಸೀರೆ ಹಿಂದೆ ಬಚ್ಚಿಟ್ಟುಕೊಂಡಳಂತೆ. ಎರಡನೇ ತಿಂಗಳು ಗೇಟಿನ ಹತ್ತಿರ ನಿಂತು ಕಾಯುತ್ತಿದ್ದಳು.

ಉಳಿದ ದುಡ್ಡನ್ನು ಏನು ಮಾಡಿದರು?

1986ರಲ್ಲಿ ತಮ್ಮ ಊರ ಹತ್ತಿರದ ಪಿಜನ್ ಫೋರ್ಜಿನಲ್ಲಿ ಡಾಲಿವುಡ್ ಎಂಬ ಮನರಂಜನಾ ಉದ್ಯಾನಕ್ಕೆ ಪಾಲುದಾರರಾದರು. ಬೆಟ್ಟದ ಜನರಿಗೆ ಊರಲ್ಲೇ ಕೆಲಸ ಸಿಗಲಿ ಎಂಬ ಉದ್ದೇಶವಿತ್ತು. ಸಾವಿರಾರು ಜನಕ್ಕೆ ಅದೇ ಅನ್ನ. 2016ರ ನವೆಂಬರಿನಲ್ಲಿ ಆ ಗುಡ್ಡಗಳಿಗೆ ಬೆಂಕಿ ಬಿದ್ದು ನೂರಾರು ಮನೆ ಸುಟ್ಟುಹೋದಾಗ, ಮನೆ ಕಳೆದುಕೊಂಡ ಪ್ರತಿ ಕುಟುಂಬಕ್ಕೆ ತಿಂಗಳಿಗೆ 1000 ಡಾಲರಿನಂತೆ ಆರು ತಿಂಗಳು ಕೊಡುವ ನಿಧಿ ಮಾಡಿದರು. ಕೊನೆಯ ತಿಂಗಳು 5000 ಕೊಟ್ಟರು. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಗುಡ್ಡ ಕುಸಿದಾಗ ನಾನು ಹಳೇ ಬಟ್ಟೆ ಮೂಟೆ ಹೊತ್ತುಕೊಂಡು ಹೋದವಳು. ಅಲ್ಲಿ ಒಬ್ಬ ತಾಯಿ, "ಬಟ್ಟೆ ರಾಶಿ ಬಿದ್ದಿದೆ ಅಕ್ಕ, ಮಗನ ಮಾತ್ರೆ ತರಲು ನೂರು ರೂಪಾಯಿ ಇಲ್ಲ" ಅಂದರು. ಕೈಗೆ ನಗದು ಕೊಡುವುದು ಎಷ್ಟು ತಿಳಿದವರ ಕೆಲಸವೆಂದು ಆಗ ಅರ್ಥವಾಯಿತು.

2020ರಲ್ಲಿ ಕೊರೋನಾ ಸಂಶೋಧನೆಗೆ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಹತ್ತು ಲಕ್ಷ ಡಾಲರ್ ಕೊಟ್ಟರು. ಮೊಡೆರ್ನಾ ಲಸಿಕೆಯ ಆರಂಭದ ಪರೀಕ್ಷೆಗಳಿಗೆ ಅದರಲ್ಲಿ ಒಂದು ಭಾಗ ಹೋಯಿತು.

ಅವರ ಬಗ್ಗೆ ಟೀಕೆಯೇ ಇಲ್ಲವಾ?

ಇದೆ. ಅವರ ಒಂದು ಊಟದ ಜೊತೆಗಿನ ಪ್ರದರ್ಶನಕ್ಕೆ 'ಡಿಕ್ಸಿ ಸ್ಟ್ಯಾಂಪೀಡ್' ಎಂಬ ಹೆಸರಿತ್ತು. ಡಿಕ್ಸಿ ಎಂಬುದು ಗುಲಾಮಗಿರಿ ಇದ್ದ ಹಳೆಯ ದಕ್ಷಿಣವನ್ನು ನೆನಪಿಸುವ ಪದ. ಟೀಕೆ ಬಂದ ಮೇಲೆ 2018ರಲ್ಲಿ ಆ ಪದವನ್ನು ತೆಗೆದುಹಾಕಿದರು. ನೋವಾಗುತ್ತದೆಂದು ತಿಳಿದ ಮೇಲೆ ಇಟ್ಟುಕೊಳ್ಳಬಾರದು ಎಂಬರ್ಥದಲ್ಲಿ ಮಾತಾಡಿದರು. ಮೊದಲೇ ತಿಳಿಯಬೇಕಿತ್ತು ಅನ್ನುವವರ ಮಾತನ್ನೂ ನಾನು ಒಪ್ಪುತ್ತೇನೆ. ರಾಜಕೀಯದ ಬಗ್ಗೆ ಬಾಯಿ ಬಿಡುವುದಿಲ್ಲ ಎಂಬುದು ಇನ್ನೊಂದು ದೂರು. ಅದು ಅವರು ಬೇಕೆಂದೇ ಹಾಕಿಕೊಂಡ ಗೆರೆ.

ಪ್ರಶಸ್ತಿಗಳು?

ಬಹಳ ಇವೆ. 1999ರಲ್ಲಿ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್, 2001ರಲ್ಲಿ ಸಾಂಗ್‌ರೈಟರ್ಸ್ ಹಾಲ್ ಆಫ್ ಫೇಮ್, 2006ರಲ್ಲಿ ಕೆನಡಿ ಸೆಂಟರ್ ಗೌರವ, 2022ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್. ಕೊನೆಯದು ಬಂದಾಗ, ನಾನು ರಾಕ್ ಹಾಡಿದವಳಲ್ಲ ಎಂದು ಮೊದಲು ಹಿಂಜರಿದರು. ಆಮೇಲೆ 2023ರಲ್ಲಿ, 77ನೇ ವಯಸ್ಸಿನಲ್ಲಿ, 'ರಾಕ್‌ಸ್ಟಾರ್' ಎಂಬ ಆಲ್ಬಮ್ಮನ್ನೇ ಮಾಡಿದರು.

ನನಗೆ ಇಂಗ್ಲಿಷ್ ಅಷ್ಟು ಬರಲ್ಲ. ಎಲ್ಲಿಂದ ಶುರು ಮಾಡಲಿ?

'ಜೋಲೀನ್' ನಿಂದ. ಮಾತು ಅರ್ಥವಾಗದಿದ್ದರೂ ಬೇಡಿಕೆ ಅರ್ಥವಾಗುತ್ತದೆ. ಆಮೇಲೆ ಕೋಟಿನ ಹಾಡು, ಕಥೆ ಮೇಲೆ ಹೇಳಿದ್ದೇನೆ. ಮೂರನೆಯದಾಗಿ 1983ರ 'ಐಲ್ಯಾಂಡ್ಸ್ ಇನ್ ದ ಸ್ಟ್ರೀಮ್', ಕೆನ್ನಿ ರೋಜರ್ಸ್ ಜೊತೆಗಿನ ಯುಗಳಗೀತೆ. ಅದನ್ನು ಬರೆದವರು ಬೀ ಜೀಸ್ ತಂಡದವರು. ಬಸ್ಸಿನಲ್ಲಿ ಚಾರ್ಮಾಡಿ ಘಾಟಿ ಇಳಿಯುವಾಗ ಕೇಳಲು ಚೆನ್ನ. ಹೆಣ್ಣುದನಿಗಳು ಒಂದಕ್ಕೊಂದು ಹೆಣೆದುಕೊಳ್ಳುವುದನ್ನು ಕೇಳಬೇಕಾದರೆ 1987ರ 'ಟ್ರಯೋ' ಹುಡುಕಿ. ಲಿಂಡಾ ರಾನ್‌ಸ್ಟಾಟ್, ಎಮಿಲೂ ಹ್ಯಾರಿಸ್ ಜೊತೆ ಹಾಡಿದ್ದು. ಮದುವೆ ಮನೆಯಲ್ಲಿ ಸೋಬಾನೆ ಹೇಳುವಾಗ ಒಬ್ಬರು ಎತ್ತಿಕೊಟ್ಟ ಸೊಲ್ಲನ್ನು ಮಿಕ್ಕವರು ಹಿಡಿಯುವ ಹಾಗಿದೆ.

ಎದುರು ಮನೆ ಅಜ್ಜಿ ಮುಂದಿನ ಶನಿವಾರಕ್ಕೆ ಮತ್ತೆ ಕೋಟಿನ ಹಾಡನ್ನೇ ಕೇಳಿದ್ದಾರೆ. ಈ ಸಲ ಸೊಸೆಯನ್ನೂ ಕರೆದುಕೊಂಡು ಬರುತ್ತಾರಂತೆ.